ಮಣೆ ಹಿಡಿದು ನಿಂತವಳು

ಆ ಊರಿಗೆ ದಾರಿ ಕೇಳಬೇಡಿ. ಹುಡುಕಿಕೊಂಡು ಹೋದವರಿಗೆ ಅದು ಸಿಕ್ಕಿಲ್ಲ, ಎಲ್ಲಿಗೋ ಹೊರಟವರಿಗೆ ಸಿಕ್ಕಿದೆ, ಇಷ್ಟು ಮಾತ್ರ ಹೇಳಬಹುದು.

ಆ ಊರಿನಲ್ಲಿ ವಸ್ತುಗಳಿಗೆ ಕಿವಿ ಇತ್ತು. ಬಾಗಿಲಿಗೆ ಕಿವಿ, ದೀಪಕ್ಕೆ ಕಿವಿ, ಬಾವಿಯ ರಾಟೆಗೆ ಕಿವಿ, ಒರಳಿಗೂ ಕಿವಿ. ಹೇಳಿದ್ದನ್ನು ಅವು ಮಾಡುತ್ತಿದ್ದವು. ಹೇಳಿದಷ್ಟನ್ನೇ ಮಾಡುತ್ತಿದ್ದವು. ಹೇಳದೆ ಇದ್ದದ್ದನ್ನು ಕೈಮುಗಿದು ಬೇಡಿಕೊಂಡರೂ ಮಾಡುತ್ತಿರಲಿಲ್ಲ. ಕೊಡ ತುಂಬುವ ತನಕ ನೀರೆಳೆ ಎಂದರೆ ರಾಟೆ ಎಳೆಯುತ್ತಿತ್ತು. ಯಾರೋ ತೂತು ಕೊಡ ಇಟ್ಟು ಹೋದರೆ ಬಾವಿ ಬತ್ತುವ ತನಕ ಎಳೆಯುತ್ತಿತ್ತು. ಅದರ ತಪ್ಪೇನೂ ಇಲ್ಲ, ಪಾಪ.

ಹಾಗಂತ ಕಂಡಕಂಡವರ ಮಾತನ್ನೆಲ್ಲ ವಸ್ತುಗಳು ಕೇಳುತ್ತಿರಲಿಲ್ಲ. ಹೇಳುವ ವಿದ್ಯೆ ಕಲಿತ ಹೇಳುಗರ ಮಾತನ್ನು ಮಾತ್ರ ಕೇಳುತ್ತಿದ್ದವು. ಹೀಗಾದರೆ ಹೀಗೆ ಮಾಡು, ಹಾಗಾದರೆ ಹಾಗೆ ಮಾಡು, ಇಷ್ಟಾದ ಮೇಲೆ ನಿಲ್ಲು. ಕೇಳಲು ಸುಲಭ, ಕಲಿಯಲು ಬಾಲ್ಯವೆಲ್ಲ ಹೋಗುತ್ತಿತ್ತು.

ವಿದ್ಯೆ ಮುಗಿದ ದಿನ ಗುರುಗಳು ಪ್ರತಿಯೊಬ್ಬರ ಕೈಗೂ ಒಂದು ಹಲಸಿನ ಮಣೆ ಕೊಡುತ್ತಿದ್ದರು. ಹೊಂಗೆ ಹೂ ಬಿಡುವ ಕಾಲದಲ್ಲಿ ಅದು ನಡೆಯುತ್ತಿತ್ತು. ಮಣೆ ಕೈಗೆ ಬಂದ ಗಳಿಗೆಯಿಂದ ಅವರು ಎಲ್ಲೂ ಕೂರುವಂತಿಲ್ಲ. ನಡೆಯಬಹುದು, ನಿಲ್ಲಬಹುದು, ಚಾಪೆಯ ಮೇಲೆ ಉದ್ದಕ್ಕೆ ಮಲಗಬಹುದು, ಕೂರುವಂತಿಲ್ಲ. ಮೊದಲ ಸಲ ಕೂರುವುದು ಆ ಮಣೆಯ ಮೇಲೇ ಆಗಬೇಕು, ಮತ್ತು ಎಲ್ಲಿ ಕೂತರೋ ಅಲ್ಲಿ ಮಣೆ ನೆಲಕ್ಕೆ ಬೇರು ಬಿಡುತ್ತಿತ್ತು. ಆಮೇಲೆ ಏಳಬಹುದು, ಉಣ್ಣಬಹುದು, ಮದುವೆ ಮುಂಜಿಗೆ ಓಡಾಡಬಹುದು. ಆದರೆ ವಸ್ತುಗಳಿಗೆ ಹೇಳುವುದೇನಿದ್ದರೂ ಆ ಮಣೆಗೆ ಬಂದು ಕೂತೇ ಹೇಳಬೇಕು. ಅಲ್ಲಿಂದ ಧ್ವನಿ ಮುಟ್ಟುವಷ್ಟು ದೂರದ ವಸ್ತುಗಳು ಕೇಳುತ್ತವೆ, ಅದರಾಚೆಯವು ಕೇಳುವುದಿಲ್ಲ. ಬೇರು ಬಿಟ್ಟ ಮಣೆಯನ್ನು ಕಿತ್ತವರು ಆ ಊರಲ್ಲಿ ಯಾರೂ ಇರಲಿಲ್ಲ. ಇನ್ನು, ಹೊಂಗೆಯ ಹೂವೆಲ್ಲ ಉದುರಿ ಮುಗಿಯುವುದರೊಳಗೆ ಕೂರದೆ ಹೋದರೆ ಮಣೆ ಬರೀ ಮರವಾಗುತ್ತಿತ್ತು, ಕಲಿತ ವಿದ್ಯೆ ಬಾಯಲ್ಲೇ ಉಳಿಯುತ್ತಿತ್ತು.

ಆ ವರ್ಷ ಮಣೆ ಪಡೆದವರೆಲ್ಲ ಬೇಗಬೇಗ ಕೂತರು. ಒಬ್ಬ ಹುಡುಗಿ ಮಾತ್ರ ನಿಂತಿದ್ದಳು.

ಅವಳು ಜಂಬದವಳಲ್ಲ. ಅವಳಿಗೆ ಭಯ. ತಪ್ಪಿ ಕೂತುಬಿಟ್ಟರೆ? ಕೂತ ಮೇಲೆ ಇದಲ್ಲ ಅನಿಸಿದರೆ? ಮಣೆಯನ್ನು ಸೊಂಟದ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬೀದಿ ಬೀದಿ ನಡೆದಳು. ಗೋಡೆಗೆ ಒರಗಿ ನಿಂತಳು, ಕಿಟಕಿಯ ಮೇಲೆ ತಟ್ಟೆ ಇಟ್ಟು ನಿಂತೇ ಉಂಡಳು. ಊರಿನವರು ಬಿಡುತ್ತಾರೆಯೇ? "ಏನಮ್ಮಾ, ಇನ್ನೂ ಲಾಂದ್ರದ ಕಂಬ ಆಗೇ ಇದೀಯಲ್ಲ? ಬರ್ತೀಯಾ, ನಮ್ಮನೆ ಬಟ್ಟೆ ಒಣಗ್ಸಕ್ಕೆ ಹಗ್ಗ ಕಟ್ಕೋತೀವಿ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಸಂಜೆಗೆ ಮೀನಖಂಡ ಕಲ್ಲಾಗಿರುತ್ತಿತ್ತು.

ಮನೆಯಲ್ಲಿ ಅವಳು, ಅವಳ ತಾಯಿ, ತಾಯಿಯ ತಾಯಿಯಾದ ಅಜ್ಜಿ. ತಾಯಿ ಎತ್ತರದ ಮನೆಯ ಅಡುಗೆಮನೆಯಲ್ಲಿ ಅಕ್ಕಿ ಆರಿಸುವವಳು. ಎತ್ತರದ ಮನೆಯೆಂದರೆ ಆ ಊರಿಗೆಲ್ಲ ಎತ್ತರ. ಅದರ ತುದಿಯನ್ನು ಕಂಡವರಿಲ್ಲ. ಒಳಗೆ ಸಾಲು ಸಾಲಾಗಿ ಮಣೆಗಳು, ಮಣೆಗಳ ಮೇಲೆ ಹೇಳುಗರು, ಅವರ ಮುಂದೆ ಹೊತ್ತುಹೊತ್ತಿಗೆ ಬಿಸಿ ಊಟ. ತಾಯಿ ಅಲ್ಲಿ ಒಂದು ಕಿಟಕಿಯ ಪಕ್ಕದ ಜಾಗವನ್ನು ಗುರುತು ಮಾಡಿಕೊಂಡಿದ್ದಳು. ಗಾಳಿ ಬರುವ ಜಾಗ. ಮಗಳು ಶಾಲೆಗೆ ಸೇರಿದಂದಿನಿಂದ, ಯಾರೂ ಕೇಳದಿದ್ದರೂ, ದಿನಾ ಹೋಗಿ ಸೆರಗಿನಿಂದ ಆ ನೆಲವನ್ನು ಒರೆಸಿ ಬರುತ್ತಿದ್ದಳು. ಅಷ್ಟು ವರ್ಷಗಳ ಒರೆಸುವಿಕೆಗೆ ಅಲ್ಲಿನ ಕಲ್ಲು ನುಣುಪಾಗಿ ಹೊಳೆಯುತ್ತಿತ್ತು.

ಹುಡುಗಿ ಆ ಮನೆಗೆ ಹೋಗಿ ನೋಡಿದಳು. ಮೇಲ್ವಿಚಾರಕ ಮರ್ಯಾದೆಯಿಂದ ಕರೆದುಕೊಂಡು ತಿರುಗಿದ. ಪ್ರತಿಯೊಬ್ಬ ಹೇಳುಗನೂ ದಿನಕ್ಕೊಂದು ಅರ್ಧ ಮಾತು ಹೇಳುತ್ತಿದ್ದ. ಆ ಅರ್ಧ ಮಾತು ಮೇಲಿನ ಸಾಲಿಗೆ ಹೋಗುತ್ತಿತ್ತು, ಅಲ್ಲಿ ಅದಕ್ಕೆ ಇನ್ನೊಂದು ಅರ್ಧ ಸೇರುತ್ತಿತ್ತು, ಅದು ಅದರ ಮೇಲಿನ ಸಾಲಿಗೆ ಹೋಗುತ್ತಿತ್ತು.

"ಕೊನೇಲಿ ಮೇಲೆ ಏನಾಗತ್ತೆ?" ಎಂದು ಹುಡುಗಿ ಕೇಳಿದಳು.

"ಮೇಲೆ ಹೋದವ್ರಿಗೆ ಗೊತ್ತಮ್ಮ."

"ಯಾರು ಹೋಗಿದಾರೆ?"

"ಹೋಗ್ತಾ ಇದಾರೆ, ಹೋಗ್ತಾ ಇದಾರೆ" ಎಂದು ಅವನು ಸಮಾಧಾನದಿಂದ ಹೇಳಿದ. "ಊಟ ಮಾತ್ರ ಚೆನ್ನಾಗಿರತ್ತೆ. ನಿಮ್ಮಮ್ಮನೇ ಅಕ್ಕಿ ಆರಿಸೋದು, ಒಂದು ಕಲ್ಲು ಸಿಗಲ್ಲ ನೋಡು."

ಅವಳು ಕಿಟಕಿಯ ಪಕ್ಕದ ಆ ಹೊಳೆಯುವ ಜಾಗದ ಮುಂದೆ ನಿಂತಳು. ಮಂಡಿ ತಾನಾಗಿ ಬಾಗಿತು. ಆದರೂ ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನೋಡುತ್ತಿದ್ದ ತಾಯಿ ಒಳಗೆ ಹೋದಳು.

ಅಲ್ಲಿಂದ ಗೆಳತಿಯ ಹತ್ತಿರ ಹೋದಳು. ಗೆಳತಿ ಮಣೆ ಸಿಕ್ಕ ದಿನವೇ ಉಯ್ಯಾಲೆ ಮನೆಯಲ್ಲಿ ಕೂತಿದ್ದಳು. ಅಲ್ಲಿ ಬಂದವರೆಲ್ಲ ಉಯ್ಯಾಲೆ ಆಡುತ್ತಿದ್ದರು. ಇಳಿಯಲು ಕಾಲು ಚಾಚಿದರೆ ಉಯ್ಯಾಲೆ ಕಿವಿಯಲ್ಲಿ "ಇನ್ನೊಂದೇ ಒಂದು ಸಲ" ಅನ್ನುತ್ತಿತ್ತು. ಆ ಮಾತನ್ನು ಉಯ್ಯಾಲೆಗಳಿಗೆ ಹೇಳಿಕೊಟ್ಟವಳು ಗೆಳತಿಯೇ. ಒಳ್ಳೆಯ ಹುಡುಗಿ ಅವಳು, ಕೆಟ್ಟದ್ದು ಬಯಸಿದವಳಲ್ಲ.

"ಎಷ್ಟು ಜನ ನಗ್ತಾ ಇದಾರೆ ನೋಡು. ಬಾರೇ, ನನ್ ಪಕ್ಕ ಜಾಗ ಇದೆ."

"ಮನೆಗೆ ಯಾವಾಗ ಹೋಗ್ತಾರೆ ಇವ್ರೆಲ್ಲ?"

ಗೆಳತಿ ಉಯ್ಯಾಲೆಗಳ ಕಡೆ ತಿರುಗಿ ನೋಡಿದಳು. "ಅದನ್ನ ಹೇಳು ಅಂತ ನಂಗ್ಯಾರೂ ಹೇಳ್ಲಿಲ್ಲ ಕಣೇ" ಎಂದಳು. ಹುಡುಗಿ ಅವಳ ಗಲ್ಲ ಸವರಿ, ಮಣೆ ಎತ್ತಿಕೊಂಡು ಹೊರಟಳು.

ಹೊಂಗೆಯ ಹೂ ಉದುರುತ್ತಲೇ ಇತ್ತು. ಬೀದಿಯೆಲ್ಲ ಅರಳು ಚೆಲ್ಲಿದ ಹಾಗೆ. ಅವಳು ಗುರುಗಳ ಮನೆಗೆ ಹೋಗಿ, "ನೀವೇ ಹೇಳಿಬಿಡಿ, ಎಲ್ಲಿ ಕೂರ್ಲಿ?" ಎಂದು ಕೇಳಿದಳು. ಗುರುಗಳು ಗಡ್ಡ ಕೆರೆದುಕೊಂಡರು.

"ನನ್ನನ್ನೂ ಯಾರೋ ಇಲ್ಲಿ ಕೂರು ಅಂದ್ರು, ಕೂತೆ" ಎಂದರು. "ಚೆನ್ನಾಗೇ ಇದೆ. ಆದ್ರೆ ಅವತ್ತು ನನ್ ಕಾಲು ಎಲ್ಲಿಗೆ ಹೊರಟಿತ್ತು ಅನ್ನೋದು ಈಗ ನೆನಪಿಲ್ಲ. ಅದಕ್ಕೇ ನಾನು ಯಾರಿಗೂ ಹೇಳಲ್ಲ. ನೀನು ಕೂರದೇ ಉಳಿದ್ರೆ ಮಾತ್ರ ನಂಗೆ ತುಂಬಾ ಸಂಕಟ ಆಗತ್ತೆ, ಅಷ್ಟು ತಿಳ್ಕೋ."

ಅಂದು ರಾತ್ರಿ ತಾಯಿ ಮಗಳ ಕಾಲಿಗೆ ಎಣ್ಣೆ ನೀವಿದಳು. ನೀವುತ್ತ ನೀವುತ್ತ ಕಣ್ಣಲ್ಲಿ ನೀರು ತಂದುಕೊಂಡಳು. "ನಾನು ಜನ್ಮವೆಲ್ಲ ಕೆಳಗಡೆ ಮೊರ ಹಿಡ್ಕೊಂಡು ಮೇಲಕ್ಕೆ ನೋಡಿದ್ದಾಯ್ತು. ನೀನು ಅಲ್ಲಿ ಕೂತಿರೋದನ್ನ ಒಂದ್ಸಲ ನೋಡಿದ್ರೆ ಸಾಕು ನಂಗೆ. ಇನ್ನೇನೂ ಬೇಡ."

ಹುಡುಗಿಗೆ ತಾಯಿಯ ಮೇಲೆ ಪ್ರೀತಿ ಉಕ್ಕಿ ಬಂತು. ಊರಿನ ಎಲ್ಲ ಜಾಗಗಳಿಗಿಂತ ಎಣ್ಣೆ ನೀವುವ ಈ ಕೈ ದೊಡ್ಡದು ಅನಿಸಿತು. "ಆಯ್ತಮ್ಮ. ನಾಳೆ ಸಂಜೆ ನೀನು ಕೆಲಸ ಮುಗಿಸೋ ಹೊತ್ತಿಗೆ ಬರ್ತೀನಿ. ನೀನು ನೋಡ್ತಾ ಇರ್ಬೇಕು, ಆಗ ಕೂರ್ತೀನಿ" ಎಂದಳು. ತಾಯಿ ನಿದ್ದೆ ಮಾಡಲಿಲ್ಲ. ಸಂತೋಷಕ್ಕೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಹೋದವಳು ಅಡುಗೆಮನೆಯವರಿಗೆಲ್ಲ ಹೇಳಿದಳು. ಅವರು ಪಾಯಸಕ್ಕೆ ಇಟ್ಟರು.

ಮಧ್ಯಾಹ್ನ ಹುಡುಗಿ ನದಿಗೆ ಹೋಗಿ ಮಣೆಯನ್ನು ತೊಳೆದು, ಅರಿಸಿನ ಹಚ್ಚಿ, ಮನೆಯ ಕಡೆ ಬಂದಳು. ಸೀರೆ ಬದಲಿಸಿ ಹೊರಡುವುದಷ್ಟೇ ಬಾಕಿ. ಕೇರಿಗೆ ತಿರುಗಿದಾಗ ಅಜ್ಜಿ ಬಿಸಿಲಲ್ಲಿ ನಿಂತಿದ್ದಳು. ಮುಚ್ಚಿದ ಬಾಗಿಲಿನ ಮುಂದೆ, ಸೆರಗನ್ನು ತಲೆಗೆ ಹಾಕಿಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ನಾಚಿಕೊಂಡು ನಿಂತಿದ್ದಳು.

"ಹೆಸರು?" ಎಂದಿತು ಬಾಗಿಲು.

"ಪುಟ್ಟತಾಯಿ" ಎಂದಳು ಅಜ್ಜಿ. ಅದು ಅವಳ ತಂಗಿಯ ಹೆಸರು. ಬಾಗಿಲು ತೆರೆಯಲಿಲ್ಲ.

"ಹೆಸರು?"

"ದೊಡ್ಡನಿಂಗವ್ವ." ಅದು ಅವಳ ತಾಯಿಯ ಹೆಸರು. "ಅದೂ ಅಲ್ವಾ? ಕೆಂದಿ ಇರ್ಬೇಕು." ಕೆಂದಿ ಅವಳು ಸಾಕಿದ ಹಸು.

ಅಜ್ಜಿಗೆ ಎಲ್ಲರ ಹೆಸರೂ ನೆನಪಿತ್ತು, ತನ್ನದೊಂದು ಬಿಟ್ಟು.

ಆ ಬಾಗಿಲಿಗೆ ಹೇಳಿದವಳು ಈ ಹುಡುಗಿಯೇ. ಆ ಊರಿನ ಪದ್ಧತಿ ಹಾಗೆ: ಶಾಲೆಗೆ ಸೇರಿದ ಮಗುವಿನ ಮೊದಲ ಪಾಠ ಅದರ ಮನೆಯ ಬಾಗಿಲು. ಗುರುಗಳು ಶಾಲೆಯ, ಬೇರು ಬಿಡದ ಪುಟ್ಟ ಮಣೆಯನ್ನು ಹೊತ್ತು ತಂದು ಮಗುವನ್ನು ಬಾಗಿಲೆದುರು ಕೂರಿಸುತ್ತಿದ್ದರು. ಹಾಲುಹಲ್ಲು ಇರುವವರು ಹೇಳಿದರೆ ಮಾತ್ರ ಆ ಮಣೆಯಿಂದ ವಸ್ತುಗಳು ಕೇಳುತ್ತಿದ್ದವು. ಬೇರೆ ಮಕ್ಕಳು ಬಾಗಿಲಿಗೆ 'ನಮ್ಮವರು ಹೆಸರು ಹೇಳಿದರೆ ತೆರೆ' ಎಂದು ಹೇಳಿ ಆಟಕ್ಕೆ ಓಡುತ್ತಿದ್ದವು. ಇವಳು ಚುರುಕು. 'ತಮ್ಮ ಹೆಸರನ್ನು ತಾವೇ ಹೇಳಿದವರಿಗೆ ತೆರೆ. ಒಂದು ಹೆಸರಿಗೆ ಒಬ್ಬರನ್ನೇ ಬಿಡು. ಇನ್ನೊಬ್ಬರು ಹೇಳಿಕೊಟ್ಟ ಹೆಸರನ್ನು ಒಪ್ಪಬೇಡ' ಎಂದಿದ್ದಳು. ಕಳ್ಳರು ಏನೇ ಉಪಾಯ ಮಾಡಿದರೂ ನಡೆಯಬಾರದು ಎಂದು ಅಷ್ಟು ಯೋಚಿಸಿದ್ದಳು. ಗುರುಗಳು ಆ ಬಾಗಿಲನ್ನು ತೋರಿಸಲು ಬೇರೆ ಮಕ್ಕಳನ್ನು ಕರೆತಂದಿದ್ದರು. ತನ್ನ ಹೆಸರು ತನಗೇ ಮರೆತುಹೋಗಬಹುದು ಎಂದು ಹಲ್ಲು ಬೀಳುವ ವಯಸ್ಸಿನ ಮಗುವಿಗೆ ಹೊಳೆಯುವುದು ಹೇಗೆ? ಗುರುಗಳಿಗೂ ಹೊಳೆದಿರಲಿಲ್ಲ.

"ಅಜ್ಜೀ, ನಿನ್ ಹೆಸರು..." ಎಂದು ಅವಳು ಹೇಳಿಕೊಟ್ಟಳು. ಅಜ್ಜಿ ಹೇಳಿದಳು. ಬಾಗಿಲು ಒಪ್ಪಲಿಲ್ಲ. ತಾನು ತನ್ನ ಹೆಸರು ಹೇಳಿ, ತೆರೆದ ಬಾಗಿಲಲ್ಲಿ ಅಜ್ಜಿಯನ್ನು ಜೊತೆಗೆ ಎಳೆದುಕೊಳ್ಳಲು ನೋಡಿದಳು. ಇಬ್ಬರನ್ನು ಕಂಡ ಬಾಗಿಲು ಮುಚ್ಚಿಕೊಂಡಿತು. ಕಲ್ಲು ಅಡ್ಡ ಇಟ್ಟರೆ ಕಲ್ಲನ್ನು ನೂಕಿತು. ಗೋಡೆಗೆ ಗೋಡೆ ಅಂಟಿದ ಕೇರಿ ಅದು, ಹಿತ್ತಿಲ ಬಾಗಿಲು ಇಲ್ಲ. ಬಾಗಿಲು ತಾನು ಕಲಿತದ್ದನ್ನು ಒಂದು ಚೂರೂ ಮರೆತಿರಲಿಲ್ಲ.

"ಬಿಡು ಮಗಾ" ಎಂದಳು ಅಜ್ಜಿ. "ಯಾರ ಮನೆಯೋ ಏನೋ. ಹೇಳ್ದೆ ಕೇಳ್ದೆ ಬಂದ್ರೆ ಅವ್ರಾದ್ರೂ ಯಾಕೆ ತೆಗೀತಾರೆ? ನಾನು ಹೊರಡ್ತೀನಿ."

"ಎಲ್ಲಿಗಜ್ಜಿ?"

ಅಜ್ಜಿ ಕೇರಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು. ಅವಳಿಗೆ ಗೊತ್ತಿರಲಿಲ್ಲ.

ಹೇಳಿದ್ದನ್ನು ಬದಲಿಸಲು ಒಂದೇ ದಾರಿ: ಆ ಬಾಗಿಲಿಗೆ ಧ್ವನಿ ಮುಟ್ಟುವ ಜಾಗದಲ್ಲಿ ಹೇಳುಗರೊಬ್ಬರು ಕೂತಿರಬೇಕು. ಆ ಕೇರಿಯಲ್ಲಿ ಯಾರೂ ಕೂತಿರಲಿಲ್ಲ. ಹಳೆಯ ಬಾಗಿಲು, ಹಳೆಯ ರಾಟೆ, ಹಳೆಯ ದೀಪಗಳ ಕೇರಿಯಲ್ಲಿ ಮಣೆ ಹಾಕಿದವರು ಇದುವರೆಗೆ ಯಾರೂ ಇಲ್ಲ. ಕೆಟ್ಟರೆ ಹೊಸದು ತರುವುದೇ ಊರಿನ ರೂಢಿ, ಹೊಸ ಬಾಗಿಲಿಗೆ ಹೇಳಲು ಮನೆಯಲ್ಲಿ ಹಾಲುಹಲ್ಲಿನ ಮಗು ಬೇಕು. ಈ ಮನೆಯಲ್ಲಿ ಮಗು ಇರಲಿಲ್ಲ.

ಹುಡುಗಿ ಮಣೆಯನ್ನು ಎದೆಗೆ ಅವಚಿಕೊಂಡು ನಿಂತಳು. ಎತ್ತರದ ಮನೆಯಲ್ಲಿ ಪಾಯಸ ಕುದಿಯುತ್ತಿತ್ತು. ತಾಯಿ ಕಿಟಕಿಯ ಪಕ್ಕದ ನೆಲವನ್ನು ಕೊನೆಯ ಸಲ ಒರೆಸುತ್ತಿರಬೇಕು. ಇಲ್ಲಿ ಕೂತರೆ ಅಲ್ಲಿ ಇಲ್ಲ. ಅಲ್ಲಿ ಕೂತರೆ ಅಜ್ಜಿ ಇನ್ನು ಮೇಲೆ ಒಳಗಿದ್ದರೆ ಒಳಗೇ, ಹೊರಗಿದ್ದರೆ ಹೊರಗೇ. ಅವಳು ಅತ್ತಳು. ಎಷ್ಟೋ ದಿನದಿಂದ ಎಲ್ಲಿ ಕೂರಲಿ ಎಂದು ಬೀದಿ ಬೀದಿ ಕೇಳಿದ್ದಳು; ಈಗ ಕೇಳಲು ಏನೂ ಉಳಿದಿರಲಿಲ್ಲ. ಅದಕ್ಕೇ ಅತ್ತಳು.

ಜಗಲಿಯ ಮೇಲೆ, ಬಾಗಿಲಿಗೆ ಎದುರಾಗಿ ಮಣೆ ಇಟ್ಟಳು. ಕೂತಳು.

ಅಯ್ಯೋ, ಕೂರುವುದು ಎಂದರೆ ಎಂಥ ಸುಖ! ಮಂಡಿ, ಮೀನಖಂಡ, ಹಿಮ್ಮಡಿ, ಒಂದೊಂದೂ ನಿಟ್ಟುಸಿರು ಬಿಟ್ಟವು. ಮಣೆಯ ಕೆಳಗೆ ಬೇರು ಸರಸರನೆ ನೆಲಕ್ಕಿಳಿಯುವುದು ಅವಳಿಗೆ ತೊಡೆಯಲ್ಲಿ ತಿಳಿಯಿತು. ಅಜ್ಜಿ ನೆರಳಿಗೆ ಬಂದು ಅವಳ ಪಕ್ಕದಲ್ಲಿ ಕೂತಳು.

"ಬಾಗಿಲೇ, ನಮ್ಮಜ್ಜಿ ಬಂದರೆ ತೆರೆ" ಎಂದಳು ಹುಡುಗಿ.

"ಅಜ್ಜಿ ಎಂದರೆ ಯಾರು?" ಎಂದಿತು ಬಾಗಿಲು.

"ಬಿಳೀ ಕೂದಲು. ಬಾಗಿದ ಬೆನ್ನು. ಹಸಿರು ಸೀರೆ. ಬಾಯಲ್ಲಿ ಎಲೆ ಅಡಿಕೆ."

ಆಗಲೇ ಎದುರುಮನೆಯ ಮುದುಕಿ, ಅವಳೂ ಹಸಿರು ಸೀರೆಯುಟ್ಟು, ಎಲೆ ಅಡಿಕೆ ಜಗಿಯುತ್ತ, ಕೊಡ ಹೊತ್ತು ಹಾದುಹೋದಳು. ಬಾಗಿಲು ಅವಳಿಗೆ ಅಗಲಕ್ಕೆ ತೆರೆದುಕೊಂಡಿತು. "ಇದೇನೇ ಇದು, ನಿಮ್ಮ ಬಾಗ್ಲು ನನ್ನನ್ನ ಊಟಕ್ಕೆ ಕರೀತೈತಲ್ಲ?" ಎಂದು ಮುದುಕಿ ಗಾಬರಿಯಾದಳು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಹುಡುಗಿಗೂ ಅಳುವಿನ ನಡುವೆ ನಗು ಬಂತು. ಆ ಮಾತನ್ನು ಅಳಿಸಿದಳು.

ಮತ್ತೆ ಯೋಚಿಸಿದಳು. ಎಲ್ಲರಿಗೂ ತೆರೆ ಎಂದರೆ ಅದು ಬಾಗಿಲೇ ಅಲ್ಲ. ಅಜ್ಜಿ ನಾಳೆ ಹಸಿರು ಸೀರೆ ಉಡದಿರಬಹುದು, ಎಲೆ ಅಡಿಕೆ ಬಿಟ್ಟಿರಬಹುದು, ಇನ್ನೇನು ಮರೆಯುತ್ತಾಳೋ. ಯಾವ ಗುರುತು ಕೊಟ್ಟರೂ ಅದು ಒಂದು ದಿನ ತಪ್ಪುತ್ತದೆ. ಗೊತ್ತಾದಾಗ ಏನು ಮಾಡಬೇಕೆಂದು ಹೇಳುವುದನ್ನು ಶಾಲೆಯಲ್ಲಿ ಚೆನ್ನಾಗಿ ಕಲಿಸಿದ್ದರು. ಗೊತ್ತಾಗದಾಗ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಗೊತ್ತಾಗದಿದ್ದರೆ ಆ ಊರಿನ ವಸ್ತುಗಳೆಲ್ಲ ಸುಮ್ಮನೆ ಇದ್ದುಬಿಡುತ್ತಿದ್ದವು.

ಅವಳು ಬಾಗಿಲಿನ ಕಡೆ ಬಾಗಿ, ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. "ಹೆಸರು ಹೇಳಿದವರಿಗೆ ಮೊದಲಿನ ಹಾಗೆಯೇ ತೆರೆ. ಹೆಸರು ಹೇಳಲಾರದೆ ಯಾರಾದರೂ ನಿಂತಿದ್ದರೆ ಸುಮ್ಮನಿರಬೇಡ. ನಿನಗೆ ಗೊತ್ತಿಲ್ಲ ಎಂದು ಒಪ್ಪಿಕೋ. ಒಳಗಿನವರನ್ನು ಕೂಗು. ಅವರು ಬಂದು ಮುಖ ನೋಡಲಿ. ಅವರು ಬಾ ಎಂದರೆ ತೆರೆ."

ತನ್ನ ಹೆಸರು ಹೇಳಿ ತಾನು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕತ್ತಲೆಯ ನಡುಮನೆಯಲ್ಲಿ ಕಿವಿಗೊಟ್ಟು ನಿಂತಳು. ಹೊರಗೆ "ಹೆಸರು?" ಎಂದದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೆ ಬಾಗಿಲು, ಹುಟ್ಟಿದಂದಿನಿಂದ ಹೇಳದ ಮಾತನ್ನು ಹೇಳಿತು: "ಒಳಗಿನವರೇ, ಯಾರೋ ಬಂದು ನಿಂತಿದ್ದಾರೆ. ಯಾರೆಂದು ನನಗೆ ಗೊತ್ತಾಗುತ್ತಿಲ್ಲ. ನಿಮ್ಮವರಿರಬಹುದು, ಬಂದು ನೋಡಿ."

ಹುಡುಗಿ ಓಡಿ ಬಂದು "ಬಾ ಅಜ್ಜಿ" ಎಂದಳು. ಬಾಗಿಲು ತೆರೆಯಿತು. ಅಜ್ಜಿ ಒಳಗೆ ಬಂದು, ನೀರು ಕುಡಿದು, ತನ್ನ ಮೂಲೆಯ ಚಾಪೆಯ ಮೇಲೆ ಕಾಲು ನೀಡಿದಳು. ಮನೆ ಅವಳಿಗೆ ಗುರುತು ಹತ್ತಿತು.

ಹುಡುಗಿ ಮತ್ತೆ ಹೊರಗೆ ಹೋಗಿ ಮಣೆಯ ಮೇಲೆ ಕೂತಳು. ಇನ್ನೆಲ್ಲಿಗೆ ಹೋಗಬೇಕಿತ್ತು? ಎದುರುಮನೆಯ ಮುದುಕಿ ಕೊಡ ಇಳಿಸಿ ಬಂದು, ಮುಟ್ಟಲೋ ಬೇಡವೋ ಎಂಬಂತೆ ಮಣೆಯ ಬೇರನ್ನು ನೋಡಿದಳು. "ನಮ್ಮನೆ ದೀಪಕ್ಕೆ ನನ್ ಮಗ ಹೇಳಿದ್ದವ್ವ, ಸಣ್ಣೋನಿದ್ದಾಗ. ಅವನು ಬರೋ ತಂಕ ಉರೀಬೇಕು ಅಂತ. ಅವನು ಈಗ ಎತ್ತರದ ಮನೇಲಿ ಕೂತವ್ನೆ, ಅಲ್ಲೇ ಮಲಗ್ತಾನೆ. ಅದು ಆರೋದೇ ಇಲ್ಲ, ನಂಗೆ ನಿದ್ದೆ ಇಲ್ಲ. ಒಂಚೂರು ಹೇಳ್ತೀಯಾ?"

"ಹೇಳ್ತೀನಿ" ಎಂದಳು ಹುಡುಗಿ. ತನ್ನ ಧ್ವನಿ ಇಷ್ಟು ನೆಮ್ಮದಿಯಾಗಿ ಇರಬಹುದೆಂದು ಅವಳಿಗೇ ಗೊತ್ತಿರಲಿಲ್ಲ.

ಸಂಜೆಯಾಯಿತು. ಎತ್ತರದ ಮನೆಯಲ್ಲಿ ತಾಯಿ ಕಾದಳು. ಪಾಯಸ ಕೆನೆಗಟ್ಟಿತು. ಅಡುಗೆಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಯಾರೋ ಬಂದು ಸುದ್ದಿ ಹೇಳಿದರು. ತಾಯಿ ಮೊರವನ್ನು ಗೋಡೆಗೆ ಒರಗಿಸಿಟ್ಟು ಹೊರಟಳು. ಕೇರಿಯಲ್ಲಿ ಅವಳನ್ನು ಯಾರೂ ಮಾತಾಡಿಸಲಿಲ್ಲ.

ಜಗಲಿಯ ಮುಂದೆ ಬಂದು ನಿಂತಳು. ಮಗಳನ್ನು ನೋಡಿದಳು. ಮಣೆಯನ್ನು ನೋಡಿದಳು, ಬೇರನ್ನು ನೋಡಿದಳು.

"ಅಮ್ಮಾ" ಎಂದಳು ಹುಡುಗಿ. "ಅಜ್ಜಿ ಹೊರಗೆ ನಿಂತಿದ್ಲಮ್ಮ. ಬಾಗ್ಲು ತೆಗೀಲಿಲ್ಲ. ನಾನೇ ಹೇಳಿದ್ದ ಬಾಗ್ಲು."

ತಾಯಿ ಮಗಳಿಗೆ ಬೆನ್ನು ಹಾಕಿ ಬಾಗಿಲಿನ ಕಡೆ ತಿರುಗಿದಳು.

"ಹೆಸರು?" ಎಂದಿತು ಬಾಗಿಲು.

ತಾಯಿ ಬಾಯಿ ತೆರೆದಳು. ಮಾತು ಬರಲಿಲ್ಲ. ಒರೆಸಿ ಒರೆಸಿ ನುಣುಪಾದ ಆ ಕಲ್ಲು ಗಂಟಲಿಗೆ ಬಂದು ಸಿಕ್ಕಿಕೊಂಡಿತ್ತು. ಭುಜಗಳು ಕುಲುಕುತ್ತಿದ್ದವು. ಹುಡುಗಿ ಏಳಲು ಹೋದಳು, ಏಳಲಿಲ್ಲ. ತಾನು ಮುಟ್ಟಿದರೆ ತಾಯಿ ಕೈ ಕೊಡವಿಕೊಂಡಾಳು ಎಂದು ಹೆದರಿದಳು.

"ಹೆಸರು?" ಎಂದಿತು ಬಾಗಿಲು. ಕಾಯಿತು. ಆಮೇಲೆ ಒಳಕ್ಕೆ ಮುಖ ಮಾಡಿ ಕೂಗಿತು. "ಒಳಗಿನವರೇ, ಯಾರೋ ಬಂದು ನಿಂತಿದ್ದಾರೆ. ಯಾರೆಂದು ನನಗೆ ಗೊತ್ತಾಗುತ್ತಿಲ್ಲ. ನಿಮ್ಮವರಿರಬಹುದು, ಬಂದು ನೋಡಿ."

ಒಳಗೆ ಚಾಪೆ ಸರಿದ ಸದ್ದು. ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದಳು. ಬಾಗಿಲ ಕಿಂಡಿಯಿಂದ ಆ ಮುಖವನ್ನು ನೋಡಿದಳು. ಮತ್ತೆ ಮತ್ತೆ ನೋಡಿದಳು. ಅವಳಿಗೆ ಗುರುತು ಹತ್ತಲಿಲ್ಲ.

"ಯಾರ ಮಗಳೋ ಏನೋ" ಎಂದಳು. "ಅಳ್ತಾ ನಿಂತೈತೆ. ಬಾ ಮಗಾ, ಒಳಕ್ಕೆ ಬಾ."

ಬಾಗಿಲು ತೆರೆಯಿತು. ಅಜ್ಜಿ ತನ್ನ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡಳು. ಜಗಲಿಯ ಮೇಲಿದ್ದ ಹುಡುಗಿಗೆ ಕಾಣಿಸಲಿಲ್ಲ, ಕೇಳಿಸಿತು. ಮೊದಲು ಬಹಳ ಹೊತ್ತು ತಾಯಿಯ ಅಳು. ಆಮೇಲೆ ಅಜ್ಜಿ ಕೇಳಿದ್ದು: "ನಿನ್ನ ಹಂಗೆ ಹೊರಗೆ ನಿಲ್ಸಿದ್ದು ಯಾರು ಮಗಾ?"

ಆಮೇಲೆ ತಾಯಿ ಮೂಗು ಒರೆಸಿಕೊಂಡು ಹೇಳಿದ್ದು: "ಯಾರೂ ನಿಲ್ಲಿಸ್ಲಿಲ್ಲಮ್ಮ. ನನ್ ಮಗಳು ಹೊರಗೆ ಕೂತವ್ಳೆ. ಅವಳೇ ಬಾಗ್ಲಿಗೆ ಹೇಳಿ ನನ್ನನ್ನ ಒಳಗೆ ಕರೆಸಿದ್ದು."